ಕೈಗೆ ಕಟ್ಟದ ಕೈಗಡಿಯಾರ

ಗಂಡಸರಲ್ಲಿ ಈಚೆಗೆ ಹೊಸದೊಂದು ಶೋಕಿ ಹಬ್ಬಿದೆ. ಅದು ವಾಚು ಕೂಡಿಡುವ ಶೋಕಿ. ಒಂದು ವಾಚು ಕೊಂಡು, ಅದನ್ನೇ ಕೈಗೆ ಕಟ್ಟಿಕೊಂಡು ಇಪ್ಪತ್ತು ವರ್ಷ ಓಡಾಡುವುದು ನಮ್ಮ ತಂದೆಯವರ ಕಾಲದ ಮಾತಾಯಿತು. ಈಗೇನಿದ್ದರೂ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಲಕ್ಷಗಟ್ಟಲೆ ಬೆಲೆಯ ವಾಚುಗಳನ್ನು ಒಂದರ ಹಿಂದೊಂದು ಕೊಳ್ಳುವುದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುವುದು, ಬಂದವರಿಗೆ ತೆಗೆದು ತೋರಿಸಿ ಮತ್ತೆ ಬೀಗ ಹಾಕುವುದು. ಇದಕ್ಕೆ ಅವರು ಎರಡು ಹೆಸರು ಇಟ್ಟುಕೊಂಡಿದ್ದಾರೆ. ಗೆಳೆಯರ ಮುಂದೆ ಅದು ‘ಹಾಬಿ’. ಹೆಂಡತಿಯ ಮುಂದೆ ಅದು ‘ಇನ್ವೆಸ್ಟ್‌ಮೆಂಟ್’. ಮೊದಲನೆಯ ಹೆಸರಿನ ಮೇಲೆ ನನಗೆ ತಕರಾರಿಲ್ಲ. ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್ಲು ಕೂಡಿಡುವವರನ್ನು ಮೂವತ್ತು ವರ್ಷದಿಂದ ನನ್ನ ತರಗತಿಗಳಲ್ಲಿ ಕಂಡಿದ್ದೇನೆ, ಬೆನ್ನು ತಟ್ಟಿದ್ದೇನೆ. ನನ್ನ ಜಗಳವೆಲ್ಲ ಆ ಎರಡನೆಯ ಹೆಸರಿನ ಮೇಲೆ.

ಇದು ಬೆಂಗಳೂರಿನ ಸಾಹುಕಾರರ ವಿಷಯ, ಬಂಗಾರಪೇಟೆಯ ಮೇಷ್ಟರಮ್ಮನಿಗೆ ಯಾಕೆ ಎನ್ನಬೇಡಿ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವ ನಮ್ಮ ಹುಡುಗರಿಗೂ, ಜಮೀನನ್ನು ಲೇಔಟ್ ಮಾಡಿ ಮಾರಿದ ನಮ್ಮೂರಿನ ಯಜಮಾನರಿಗೂ ಈ ಗಾಳಿ ಬೀಸಿದೆ. ನನ್ನ ಅಣ್ಣನ ಮಗನೇ ಒಬ್ಬನಿದ್ದಾನೆ. ಕಂಪ್ಯೂಟರ್ ಕಂಪನಿಯಲ್ಲಿ ಒಳ್ಳೆಯ ಸಂಬಳ. ಮನೆ ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಬಾಕಿ. ವಾಚು ಮಾತ್ರ ಆರು! ಅದರಲ್ಲಿ ಒಂದರ ಬೆಲೆ ಹನ್ನೊಂದು ಲಕ್ಷ. ಆ ಒಂದು ವಾಚನ್ನು ಕೊಳ್ಳಲು ಅಂಗಡಿಯವರು ಎರಡು ವರ್ಷ ಕಾಯಿಸಿದರಂತೆ. ಕಾಯುವ ಸಾಲಿನಲ್ಲಿ ಹೆಸರು ಮುಂದಕ್ಕೆ ಬರಲೆಂದು, ಬೇಡದ ಇನ್ನೊಂದು ವಾಚನ್ನೂ ಅದೇ ಅಂಗಡಿಯಲ್ಲಿ ಕೊಂಡನಂತೆ. ರೇಷನ್ ಅಂಗಡಿಯಲ್ಲಿ ಸಕ್ಕರೆ ಬೇಕಾದರೆ ಸೋಪನ್ನೂ ಕೊಳ್ಳಬೇಕು ಎಂದಾಗ ನಾವು ಜಗಳಕ್ಕೆ ನಿಲ್ಲುತ್ತಿದ್ದುದು ನೆನಪಾಯಿತು. ಇವರು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆ ವಾಚುಗಳಿಗೆ ಒಂದು ಯಂತ್ರವೂ ಇದೆ. ಅವು ಕೈಯಲ್ಲಿದ್ದರೆ ಕೈಯ ಅಲುಗಾಟಕ್ಕೆ ತಾವೇ ಕೀಲಿ ಕೊಟ್ಟುಕೊಳ್ಳುವ ಜಾತಿಯವು. ಕೈಯಲ್ಲಿಲ್ಲದಿದ್ದರೆ ಎರಡು ಮೂರು ದಿನಕ್ಕೆ ನಿಂತುಹೋಗುತ್ತವೆ. ಹಾಗಾಗಬಾರದೆಂದು ಕರೆಂಟಿನಿಂದ ಓಡುವ ಪೆಟ್ಟಿಗೆಯೊಳಗೆ ಅವನ್ನಿಟ್ಟು ಹಗಲೂ ರಾತ್ರಿ ಆಗಾಗ ತಿರುಗಿಸುವುದು. ‘ಇದೇನಪ್ಪಾ, ವಾಚಿಗೆ ತೊಟ್ಟಿಲಾ?’ ಎಂದೆ. ಅವನ ಹೆಂಡತಿ ಅಡಿಗೆಮನೆಯಿಂದ, ‘ಮಗುವಿನ ತೊಟ್ಟಿಲನ್ನ ಎರಡು ದಿನ ತೂಗಿದ್ರೆ ಹೆಚ್ಚು ಅತ್ತೆ’ ಎಂದಳು. ಯಾರೂ ಕಟ್ಟಿಕೊಳ್ಳದ ವಾಚಿಗೆ, ಯಾರೋ ಕಟ್ಟಿಕೊಂಡಿದ್ದಾರೆ ಎಂದು ನಂಬಿಸಲು ಒಂದು ಯಂತ್ರ!

ಅವತ್ತು ಮಾತು ಬೆಳೆದದ್ದು ಇಷ್ಟಕ್ಕೇ ಅಲ್ಲ. ಮಗಳಿಗೆಂದು ಎರಡು ಬಳೆ ಮಾಡಿಸಿಡಬೇಕೆಂದು ಅವಳು ಒಂದು ವರ್ಷದಿಂದ ಕೇಳುತ್ತಿದ್ದಾಳೆ. ಇವನ ಉತ್ತರ ಸಿದ್ಧವಾಗಿತ್ತು.

‘ಅತ್ತೆ, ನೀವಾದರೂ ಹೇಳಿ. ಚಿನ್ನ ಅಂದ್ರೆ ಡೆಡ್ ಮನಿ. ಬೀರುವಿನಲ್ಲಿಟ್ರೆ ಬಡ್ಡಿ ಬರುತ್ತಾ?’

‘ನಿನ್ನ ವಾಚೂ ಬೀರುವಿನಲ್ಲೇ ಇದೆಯಲ್ಲಪ್ಪಾ. ಅದು ಬಡ್ಡಿ ಕೊಡುತ್ತೇನು?’

‘ಅದು ಬೇರೆ ಅತ್ತೆ. ಅದರ ವ್ಯಾಲ್ಯೂ ಏರ್ತಾ ಹೋಗುತ್ತೆ. ನಿಮಗೆ ಗೊತ್ತಾಗಲ್ಲ ಬಿಡಿ.’

ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸಾಸಿವೆಯನ್ನು ಸ್ವಲ್ಪ ಜೋರಾಗಿಯೇ ಸಿಡಿಸಿದಳು.

‘ನಿಮಗೆ ಗೊತ್ತಾಗಲ್ಲ’ ಎಂಬ ಮಾತನ್ನು ನಮ್ಮಲ್ಲಿ ಕೇಳದ ಹೆಂಗಸು ಇದ್ದಾಳೆಯೇ? ಚೀಟಿ ಹಾಕಿದರೆ ಗೊತ್ತಾಗಲ್ಲ, ಸೈಟು ಕೊಳ್ಳೋಣವೆಂದರೆ ಗೊತ್ತಾಗಲ್ಲ, ಪಾಸ್‌ಬುಕ್ಕು ಕೇಳಿದರೆ ಗೊತ್ತಾಗಲ್ಲ. ಒಡವೆ ಕೇಳಿದರೆ ಅದು ಹೆಂಗಸರ ಹುಚ್ಚು. ಕೈಗೆ ಕಟ್ಟುವ ಉಕ್ಕಿನ ಒಡವೆಯನ್ನು ಅವರು ಕೊಂಡರೆ ಅದು ಹೂಡಿಕೆ. ಉಳಿತಾಯ ಎನ್ನುವ ವಸ್ತುವನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಬೆಲೆ ಕಟ್ಟುವವರು ಯಾರು? ಕಷ್ಟಕಾಲದಲ್ಲಿ ಅದನ್ನು ಹಣ ಮಾಡಿಕೊಡುವವರು ಯಾರು? ಇಟ್ಟುಕೊಳ್ಳಲು ತಗಲುವ ಖರ್ಚೆಷ್ಟು? ಈ ಮೂರನ್ನೂ ವಾಚಿಗೂ ಹಾಕೋಣ, ಚಿನ್ನಕ್ಕೂ ಹಾಕೋಣ.

ಚಿನ್ನದ ಬೆಲೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅದು ಇಳಿಯುವುದೂ ಉಂಟು, ಏರುವುದೂ ಉಂಟು; ಆದರೆ ಬಂಗಾರಪೇಟೆಯಲ್ಲಿರುವ ನನಗೂ ಮುಂಬಯಿಯ ವ್ಯಾಪಾರಿಗೂ ಒಂದೇ ದಿನ ಗೊತ್ತಾಗುತ್ತದೆ. ತಕ್ಕಡಿಯಲ್ಲಿಟ್ಟರೆ ತೂಕ, ಒರೆಗೆ ಹಚ್ಚಿದರೆ ಗುಣ. ಮಾಡಿಸುವಾಗ ಮಜೂರಿ, ವೇಸ್ಟೇಜು ಎಂದು ಅಂಗಡಿಯವರು ಕತ್ತರಿಸುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೊನೆಗೆ ಉಳಿಯುವ ಲೋಹಕ್ಕೆ ಒಂದು ಬೆಲೆ ಇದ್ದೇ ಇದೆ. ವಾಚಿನ ಗತಿ ಬೇರೆ. ಅದರೊಳಗಿನ ಉಕ್ಕನ್ನು ಗುಜರಿಯವನಿಗೆ ಕೊಟ್ಟರೆ ಕಡಲೆಕಾಯಿಯೂ ಬಾರದು. ಅದರ ಬೆಲೆಯಿರುವುದು ಹೆಸರಿನಲ್ಲಿ. ತಯಾರಿಸುವ ಕಂಪನಿ ಎಷ್ಟು ಬಿಡುತ್ತದೆ, ಯಾವ ಮಾದರಿಯನ್ನು ನಿಲ್ಲಿಸುತ್ತದೆ, ಯಾವ ಸಿನಿಮಾ ನಟ ಅದನ್ನು ಕಟ್ಟಿಕೊಂಡ ಎನ್ನುವುದರಲ್ಲಿ. ಅಂದರೆ ನಿಮ್ಮ ಮನೆಯ ಉಳಿತಾಯದ ಬೆಲೆ ಜಿನೀವಾದಲ್ಲಿ ಕುಳಿತವರ ಮರ್ಜಿಯಲ್ಲಿದೆ.

ಹಾಗೆ ಕಟ್ಟಿದ ಬೆಲೆ ನಿಲ್ಲುತ್ತದೆಯೇ? ಕೋವಿಡ್ ಕಾಲದಲ್ಲಿ ಜಗತ್ತಿನ ದುಡ್ಡುಳ್ಳವರು ಮನೆಯಲ್ಲಿ ಕುಳಿತು ಬೇಸರ ಕಳೆಯಲು ವಾಚಿನ ಮೇಲೆ ಬಿದ್ದರು. ರೋಲೆಕ್ಸ್, ಪಾಟೆಕ್ ಫಿಲಿಪ್ ಹೆಸರಿನ ಕೆಲವು ಮಾದರಿಗಳನ್ನು ಅಂಗಡಿ ಬೆಲೆಯ ಎರಡು ಮೂರು ಪಟ್ಟಿಗೆ ಒಬ್ಬರಿಂದೊಬ್ಬರು ಕೊಂಡರು. 2022ರ ಮೊದಲ ತಿಂಗಳುಗಳಲ್ಲಿ ಆ ಬೆಲೆ ತುದಿ ಮುಟ್ಟಿತು. ಆಮೇಲೆ ಇಳಿಯತೊಡಗಿ, ತುದಿಯಲ್ಲಿ ಕೊಂಡವರು ಬಾಯಿ ಬಾಯಿ ಬಿಟ್ಟರು. ಗೆದ್ದವರ ಕಥೆ ಮಾತ್ರ ಊರೂರು ಸುತ್ತುತ್ತದೆ. ಲಾಟರಿ ಬಂದವನ ಫೋಟೋ ಹಾಕಿದರು, ಬಾರದವನ ಫೋಟೋ ಯಾರು ಹಾಕಿದರು?

ಅಂಥ ಕಥೆಗಳಲ್ಲಿ ಎಲ್ಲರೂ ಹೇಳುವುದು ಅಮೆರಿಕದ ನಟ ಪಾಲ್ ನ್ಯೂಮನ್‌ನ ರೋಲೆಕ್ಸ್ ಡೇಟೋನಾ ಕಥೆ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 1 ಕೋಟಿ 77 ಲಕ್ಷ ಡಾಲರಿಗೂ ಮೇಲೆ ಹೋಯಿತು. ಕೇಳಿದವರೆಲ್ಲ, ನೋಡಿ, ವಾಚು ಎಂದರೆ ಆಸ್ತಿ ಎನ್ನುತ್ತಾರೆ. ಪೂರ್ತಿ ಕಥೆ ಕೇಳಿ. ಅದನ್ನು ಕೊಂಡವಳು ಅವನ ಹೆಂಡತಿ, ನಟಿ ಜೊವಾನ್ ವುಡ್‌ವರ್ಡ್. ಗಂಡ ಕಾರು ರೇಸಿನ ಹುಚ್ಚಿಗೆ ಬಿದ್ದಿದ್ದ. ಅವಳಿಗೆ ಜೀವ ತಡೆಯದೆ, ಜೋಪಾನವಾಗಿ ಓಡಿಸು ಎಂಬ ಅರ್ಥದ ಮಾತನ್ನು ವಾಚಿನ ಬೆನ್ನಿಗೆ ಕೆತ್ತಿಸಿ ಕೊಟ್ಟಳು. ಆಗ ಆ ಮಾದರಿಯನ್ನು ಕೇಳುವವರೇ ಕಡಿಮೆ. ಅವನು ಅದನ್ನು ದಿನಾ ಕಟ್ಟಿದ, ಕೊನೆಗೆ 1984ರಲ್ಲಿ ಮಗಳ ಗೆಳೆಯನ ಕೈಗೆ ಸುಮ್ಮನೆ ಕೊಟ್ಟುಬಿಟ್ಟ. ಇದರಲ್ಲಿ ಹೂಡಿಕೆ ಎಲ್ಲಿದೆ ಹೇಳಿ. ಗಂಡ ಕ್ಷೇಮವಾಗಿ ಮನೆಗೆ ಬರಲೆಂಬ ಹೆಂಡತಿಯ ಆತಂಕವಿದೆ, ಅಷ್ಟೆ. ಅಂಥ ಆತಂಕವನ್ನು ನಾವು ದಿನಾ ಪಡುತ್ತೇವೆ. ಯಾರೂ ಹರಾಜಿಗೆ ಕರೆದಿಲ್ಲ.

ಎರಡನೆಯ ಪ್ರಶ್ನೆ ಕಷ್ಟಕಾಲದ್ದು. ಇದಕ್ಕೆ ಉತ್ತರ ಹುಡುಕಲು ನಾನು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ, ಕೆ.ಜಿ.ಎಫ್. ಸಾಕು. ನಾನು ಹುಟ್ಟಿ ಬೆಳೆದ ಊರು ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಂದಿನಿಂದ ನೂರಿಪ್ಪತ್ತು ವರ್ಷ ಭೂಮಿ ಬಗೆದು, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಚಿನ್ನ ತೆಗೆದ ಊರು. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುತ್ತಿದ್ದುದು ಸುಮಾರು 3 ಗ್ರಾಂ ಚಿನ್ನ. ಅಂದರೆ ಒಂದು ಸವರನ್ ಚಿನ್ನಕ್ಕೆ ಎರಡೂವರೆ ಟನ್ನಿಗೂ ಹೆಚ್ಚು ಬಂಡೆಯನ್ನು ಪಾತಾಳದಿಂದ ಎತ್ತಿ ತರಬೇಕು. ಅದು ಕಟ್ಟುಬಡಿಯದೆ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು.

ಆ ವರ್ಷ ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಗಣಿ ಕಾರ್ಮಿಕರ ಮಕ್ಕಳು ಹಲವರಿದ್ದರು. ಪುಸ್ತಕ, ಪರೀಕ್ಷೆಯ ಫೀಸು ಎಲ್ಲದಕ್ಕೂ ತಾಯಂದಿರೇ ಬರುತ್ತಿದ್ದರು. ಜೂನ್ ತಿಂಗಳಲ್ಲಿ ಕಿವಿಯಲ್ಲಿ ಓಲೆ ಇದ್ದವರ ಕಿವಿಯಲ್ಲಿ ದಸರೆಯ ಹೊತ್ತಿಗೆ ಬೇವಿನ ಕಡ್ಡಿ. ತೂತು ಮುಚ್ಚಿಹೋಗಬಾರದಲ್ಲ! ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಆ ಓಲೆ ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಯಲ್ಲಿದೆ, ಅದರ ದುಡ್ಡು ನಮ್ಮ ಶಾಲೆಯ ರಸೀದಿ ಪುಸ್ತಕದಲ್ಲಿದೆ ಎಂದು ಎಲ್ಲ ಮೇಡಮ್ಮಂದಿರಿಗೂ ಗೊತ್ತಿತ್ತು. ನಮ್ಮ ಲೈನಿನಲ್ಲಿದ್ದ ಒಬ್ಬ ಹಿರಿಯರು ಗಿರವಿ ಅಂಗಡಿಗೆ ತಮ್ಮ ವಾಚನ್ನೂ ಒಯ್ದಿದ್ದರು. ಚೆನ್ನಾಗಿ ಓಡುತ್ತಿದ್ದ ವಾಚು. ಅಂಗಡಿಯವನು ಕಿವಿಗೆ ಹಿಡಿದು ನೋಡಿ, ‘ಇದು ಬೇಡ ಯಜಮಾನರೆ, ಮನೆಯಲ್ಲಿ ಅಮ್ಮನವರ ಹತ್ತಿರ ಬೇರೆ ಏನಾದರೂ ಇದ್ದರೆ ತನ್ನಿ’ ಎಂದನಂತೆ. ‘ಡೆಡ್ ಮನಿ’ ಎನ್ನುವವರು ಒಂದು ಸಲ ಕೆ.ಜಿ.ಎಫ್.ನ ಹೆಂಗಸರನ್ನು ಕೇಳಬೇಕು. ಸತ್ತ ದುಡ್ಡು ಎಷ್ಟು ಮನೆಗಳಲ್ಲಿ ಒಲೆ ಉರಿಸಿತು, ಎಷ್ಟು ಮಕ್ಕಳನ್ನು ಎಸ್.ಎಸ್.ಎಲ್.ಸಿ. ದಾಟಿಸಿತು ಎಂದು ಅವರು ಹೇಳುತ್ತಾರೆ.

ಆ ಸಾಧಾರಣ ವಾಚಿಗೂ ಹನ್ನೊಂದು ಲಕ್ಷದ ವಾಚಿಗೂ ಹೋಲಿಕೆಯೇ ಎಂದು ಅಣ್ಣನ ಮಗ ಕೇಳಬಹುದು. ಸರಿ, ಆ ಹನ್ನೊಂದು ಲಕ್ಷದ್ದನ್ನೇ ತೆಗೆದುಕೊಂಡು ಇವತ್ತು ರಾತ್ರಿ ಎಂಟು ಗಂಟೆಗೆ ಅದೇ ಬೀದಿಗೆ ಹೋಗಲಿ. ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಬೇಕು ಎನ್ನಲಿ. ಅಸಲಿಯೋ ನಕಲಿಯೋ ಎಂದು ನೋಡಬಲ್ಲವರು ಆ ಬೀದಿಯಲ್ಲಿ ಎಷ್ಟು ಜನ? ಬೆಂಗಳೂರಿನ ವ್ಯಾಪಾರಿಯ ಬಳಿಗೆ ಹೋದರೆ ಪೆಟ್ಟಿಗೆ ಎಲ್ಲಿ, ಗ್ಯಾರಂಟಿ ಕಾರ್ಡು ಎಲ್ಲಿ, ಪಟ್ಟಿಯ ತೆಗೆದಿಟ್ಟ ಕೊಂಡಿಗಳೆಲ್ಲಿ ಎಂದು ಕೇಳುತ್ತಾನೆ. ಗಾಜಿನ ಮೇಲೊಂದು ಗೀರಿದ್ದರೆ ಸಾವಿರಗಟ್ಟಲೆ ಕಡಿತ. ಬಳೆ ಸೊಟ್ಟಗಾದರೂ ಚಿನ್ನವೇ. ವಾಚು ಗೀರಿದರೆ ಹೂಡಿಕೆಗೇ ಗಾಯ.

ಮೂರನೆಯದು ಖರ್ಚು. ಕೀಲಿಯ ವಾಚಿನೊಳಗೆ ನೂರಕ್ಕೂ ಮೀರಿದ ಸಣ್ಣ ಸಣ್ಣ ಭಾಗಗಳಿವೆ. ಎಣ್ಣೆ ಒಣಗುತ್ತದೆ, ಹಲ್ಲು ಸವೆಯುತ್ತದೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ದೊಡ್ಡ ಹೆಸರಿನ ವಾಚಾದರೆ ಅದಕ್ಕೆ ತಗಲುವ ದುಡ್ಡಿನಲ್ಲಿ ನಮ್ಮಂಥವರ ಮನೆಗೆ ಹೊಸ ಫ್ರಿಜ್ ಬರುತ್ತದೆ. ಮೇಲೆ ವಿಮೆ, ಲಾಕರಿನ ಬಾಡಿಗೆ. ಇಷ್ಟೆಲ್ಲ ಮಾಡಿದರೆ ಅದು ಸರಿಯಾದ ಗಂಟೆಯನ್ನಾದರೂ ತೋರಿಸುತ್ತದೆಯೇ? 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಸೆಲ್ಲಿನಿಂದ ಓಡುವ ಕ್ವಾರ್ಟ್ಸ್ ಕೈಗಡಿಯಾರ ತಂದ ಮೇಲೆ ಆ ಮಾತು ಮುಗಿಯಿತು. ಇವತ್ತು ಸಂತೆಯಲ್ಲಿ ಸಿಗುವ ಕ್ವಾರ್ಟ್ಸ್ ವಾಚು ತಿಂಗಳಿಗೆ ಹತ್ತು ಹದಿನೈದು ಸೆಕೆಂಡು ಆಚೀಚೆ ಆದೀತು. ಲಕ್ಷದ ಕೀಲಿ ವಾಚು ದಿನವೊಂದಕ್ಕೇ ಕೆಲವು ಸೆಕೆಂಡು ತಪ್ಪುತ್ತದೆ. ಆ ಹೊಡೆತಕ್ಕೆ ಸ್ವಿಟ್ಜರ್ಲೆಂಡಿನ ವಾಚಿನ ಊರುಗಳಲ್ಲಿ ಹದಿನೈದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಗಾರರು ಮನೆಗೆ ಹೋದರು. ಉಳಿದ ಕಂಪನಿಗಳು, ಸಮಯ ತೋರಿಸುವುದರಲ್ಲಿ ಗೆಲ್ಲಲಾರೆವು ಎಂದು ತಿಳಿದು, ಅಂತಸ್ತು ತೋರಿಸುವ ವಸ್ತುವಾಗಿ ಅದನ್ನು ಮಾರತೊಡಗಿದವು. ಅದರಲ್ಲಿ ಅವರು ಗೆದ್ದರು. ಅವರ ಜಾಣತನಕ್ಕೆ ತಲೆಬಾಗೋಣ, ನಮ್ಮ ದುಡ್ಡನ್ನು ಬಾಗಿಸುವುದು ಬೇಡ.

ನಮ್ಮ ಸರ್ಕಾರ ಇದನ್ನು ಏನೆಂದು ತಿಳಿದಿದೆ ನೋಡಿ. 2025ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ, 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಮಾರುವಾಗ ನೂರಕ್ಕೆ ಒಂದರಂತೆ ತೆರಿಗೆಯನ್ನು ಅಂಗಡಿಯವರೇ ಹಿಡಿದು ಕಟ್ಟಬೇಕೆಂದು ಸೂಚನೆ ಹೊರಡಿಸಿತು. ಆ ಪಟ್ಟಿಯಲ್ಲಿ ವಾಚಿನ ಅಕ್ಕಪಕ್ಕ ಏನಿದೆ ಗೊತ್ತೇ? ವಿಹಾರ ನೌಕೆ, ಹೆಲಿಕಾಪ್ಟರು, ರೇಸಿನ ಕುದುರೆ, ತಂಪು ಕನ್ನಡಕ, ಕೈಚೀಲ, ಬೂಟು. ಭೋಗದ ವಸ್ತುಗಳು. ಇನ್ನು ಆದಾಯ ತೆರಿಗೆಯ ಕಾನೂನಿನಲ್ಲಿ, ಸ್ವಂತ ಬಳಕೆಯ ಸಾಮಾನನ್ನು ಬಂಡವಾಳದ ಆಸ್ತಿ ಎಂದು ಎಣಿಸುವುದಿಲ್ಲ. ಆದರೆ ಒಡವೆಯನ್ನು ಮೈಮೇಲೆ ಹಾಕಿಕೊಂಡು ಓಡಾಡಿದರೂ ಆಸ್ತಿ ಎಂದೇ ಎಣಿಸುತ್ತದೆ, ಮಾರಿದ ಲಾಭಕ್ಕೆ ತೆರಿಗೆ ಕೇಳುತ್ತದೆ. ಅಂದರೆ ಹೆಂಗಸಿನ ಬಳೆ ಆಸ್ತಿ, ಚಿನ್ನ ವಜ್ರ ಸೇರದ ವಾಚು ಪಂಚೆ ಶರಟಿನ ಸಾಲಿನದು. ಕಾನೂನಿಗೆ ಗೊತ್ತಾದದ್ದು ನಮ್ಮ ಗಂಡಸರಿಗೆ ಗೊತ್ತಾಗಿಲ್ಲ!

ದುಬಾರಿ ವಾಚನ್ನು ಕೈಗೆ ಕಟ್ಟಿದರೂ ತೊಂದರೆಯೇ. 2016ರಲ್ಲಿ ನಮ್ಮ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರ ಕೈಯ ಹ್ಯೂಬ್ಲೋ ವಾಚು ವಿಧಾನಸಭೆಯಲ್ಲಿ ಎಷ್ಟು ಗದ್ದಲ ಎಬ್ಬಿಸಿತೆಂದು ನಿಮಗೆ ನೆನಪಿರಬಹುದು. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು, ಕೊನೆಗೆ ಅದನ್ನು ಸ್ಪೀಕರರಿಗೆ ಒಪ್ಪಿಸಿ ಸರ್ಕಾರದ ಸ್ವತ್ತು ಮಾಡಿದರು. ರಾಜಕೀಯದ ಸರಿತಪ್ಪು ನನ್ನ ವಿಷಯವಲ್ಲ. ಬೆಲೆಬಾಳುವ ವಾಚು ಕೈಗೆ ಬಂದರೆ ಜನ ಗಂಟೆ ಎಷ್ಟು ಎಂದು ಕೇಳುವುದಿಲ್ಲ, ಎಲ್ಲಿಂದ ಬಂತು ಎಂದು ಕೇಳುತ್ತಾರೆ ಎನ್ನುವುದಷ್ಟೇ ನನ್ನ ಮಾತು.

ಈಗ ನಮ್ಮದೇ ವಾಚಿನ ವಿಷಯಕ್ಕೆ ಬರುತ್ತೇನೆ. ಲಕ್ಷದ ವಾಚಿಗೆ ಕೈ ಎಟುಕದವರು ಹಳೆಯ ಎಚ್.ಎಂ.ಟಿ. ಹಿಂದೆ ಬಿದ್ದಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಆಮೇಲೆ ತುಮಕೂರಿನಲ್ಲೂ ಆಯಿತು. ಜನತಾ, ಪೈಲಟ್, ಕೋಹಿನೂರ್, ಕಾಂಚನ್, ಸೋನಾ ಎಂದೆಲ್ಲ ಹೆಸರು. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ., ಪಾಸಾದ ಮಗನಿಗೆ ಎಚ್.ಎಂ.ಟಿ. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ನಮ್ಮ ತಂದೆಯವರ ಕೈಯಲ್ಲಿದ್ದುದೂ ಜನತಾ. ರಾತ್ರಿ ಊಟವಾದ ಮೇಲೆ ಕೀಲಿ ಕೊಟ್ಟು ದಿಂಬಿನ ಪಕ್ಕ ಇಡುತ್ತಿದ್ದರು. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿಕೊಂಡು ಹೋದದ್ದು ಅದನ್ನೇ, ಬಿ.ಎಡ್. ಪರೀಕ್ಷೆಗೆ ಹೋದದ್ದೂ ಅದನ್ನೇ. ಟಾಟಾದವರೂ ತಮಿಳುನಾಡು ಸರ್ಕಾರದವರೂ ಸೇರಿ ಹೊಸೂರಿನಲ್ಲಿ ಟೈಟಾನ್ ಶುರು ಮಾಡಿದ ಮೇಲೆ ಎಲ್ಲರೂ ಚೆಂದದ ಕ್ವಾರ್ಟ್ಸ್ ವಾಚಿಗೆ ತಿರುಗಿದರು. ಎಚ್.ಎಂ.ಟಿ. ಸೊರಗಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದ ಕೂಡಲೇ ಏನಾಯಿತು ಗೊತ್ತೇ? ಅಲ್ಲಿಯವರೆಗೆ ಮೂಸಿ ನೋಡದವರು ಷೋರೂಮಿನ ಮುಂದೆ ಸಾಲು ನಿಂತರು. ಒಬ್ಬೊಬ್ಬರು ನಾಲ್ಕು, ಐದು. ಮುಂದೆ ಬೆಲೆ ಬರುತ್ತದಲ್ಲ! ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ತಿಥಿಗೆ ಹೋಳಿಗೆ ಮಾಡಿಸಿದ ಹಾಗೆ. ಆ ಬೇಡಿಕೆ ನೋಡಿ ಇನ್ನೊಂದು ವ್ಯಾಪಾರ ಹುಟ್ಟಿತು. ಹಳೆಯ ವಾಚಿನ ಬಿಡಿಭಾಗಗಳನ್ನು ಅದಕ್ಕಿದನ್ನು ಜೋಡಿಸಿ, ಮುಖಕ್ಕೆ ಕಡುನೀಲಿ, ಕಡುಹಸಿರು ಬಣ್ಣ ಬಳಿದು, ಎಚ್.ಎಂ.ಟಿ. ಎಂದು ಹೊಸದಾಗಿ ಅಚ್ಚು ಹಾಕಿ ‘ಅಪರೂಪದ ಮಾದರಿ’ ಎಂದು ಮಾರುತ್ತಾರೆ. ಅಂಥ ಎಷ್ಟೋ ವಾಚುಗಳನ್ನು ಕಾರ್ಖಾನೆ ಎಂದೂ ಹಾಗೆ ತಯಾರಿಸಿರಲೇ ಇಲ್ಲ. ಅದನ್ನೂ ಹೂಡಿಕೆ ಎಂದು ಕೊಳ್ಳುವವರಿದ್ದಾರೆ. ದೇಶಕ್ಕೆ ಗಂಟೆ ತೋರಿಸಿದ ಕಾರ್ಖಾನೆಯ ಮೇಲೆ ಅಷ್ಟು ಪ್ರೀತಿಯಿದ್ದವರು ಕೆಲಸಗಾರರಿಗೆ ಸಂಬಳ ಬರುತ್ತಿದ್ದ ಕಾಲದಲ್ಲಿ ಒಂದೊಂದು ವಾಚು ಕೊಂಡಿದ್ದರೆ ಸಾಕಾಗುತ್ತಿತ್ತು.

ಮೆಚ್ಚಿಕೊಳ್ಳಬೇಕಾದ ಮಾತನ್ನು ಮೆಚ್ಚಿಕೊಳ್ಳುತ್ತೇನೆ. ಕೀಲಿಯ ವಾಚು ಮನುಷ್ಯನ ಕೈಚಳಕದ ದೊಡ್ಡ ಸಾಕ್ಷಿ. ಕೂದಲೆಳೆಯಂಥ ಒಂದು ಸ್ಪ್ರಿಂಗು ಉಸಿರಾಡಿದಂತೆ ಹಿಗ್ಗಿ ಕುಗ್ಗಿ, ಚಕ್ರದಿಂದ ಚಕ್ರಕ್ಕೆ ಹಲ್ಲು ಹಲ್ಲಾಗಿ ಕಾಲವನ್ನು ಬಿಡುವುದನ್ನು ನಮ್ಮ ತಂದೆಯವರು ಹಿಂಬದಿ ಬಿಚ್ಚಿ ತೋರಿಸಿದ್ದರು. ಫಿಟ್ಟರಲ್ಲವೇ, ಅವರ ಕಣ್ಣಿನಲ್ಲಿ ಹೊಳಪು ಬರುತ್ತಿತ್ತು. ಅಂಥ ಪ್ರೀತಿ ಇರುವವನು ಒಂದು ಒಳ್ಳೆಯ ವಾಚು ಕೊಳ್ಳಲಿ, ಕೈಗೆ ಕಟ್ಟಲಿ, ಸವೆಸಲಿ, ಮಗಳಿಗೋ ಮಗನಿಗೋ ಕೊಡಲಿ. ನಾನು ಸಂತೋಷಪಡುತ್ತೇನೆ. ಆದರೆ ಅವನು ಹೆಂಡತಿಗೆ, ‘ನನಗೆ ಇದರ ಮೇಲೆ ಆಸೆ, ಇಷ್ಟು ಖರ್ಚು ಮಾಡುತ್ತೇನೆ, ನಿನಗೂ ಒಂದು ಆಸೆಯಿದ್ದರೆ ಹೇಳು’ ಎನ್ನಲಿ. ಆಸೆಯನ್ನು ಆಸೆ ಎಂದು ಹೇಳುವುದಕ್ಕೆ ಯಾಕೆ ನಾಚಿಕೆ? ಹೆಂಗಸರು ಸೀರೆ ಕೊಂಡು ಅದನ್ನು ಹೂಡಿಕೆ ಎಂದು ಎಂದಾದರೂ ಹೇಳಿದ್ದೇವೆಯೇ?

ನಿಮಗೆ ಹೊಟ್ಟೆಕಿಚ್ಚು, ದುಡಿದ ದುಡ್ಡನ್ನು ಹೇಗೆ ಬೇಕಾದರೂ ಖರ್ಚು ಮಾಡುತ್ತಾರೆ ಎನ್ನುವವರೂ ಇದ್ದಾರೆ. ದುಡಿದ ದುಡ್ಡು ಎಂದರೇನು? ಮಾರಿದ ಸಮಯ. ಇದನ್ನು ಕೆ.ಜಿ.ಎಫ್.ನವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಲೈನುಗಳಲ್ಲಿ ಗಂಟೆ ಹೇಳುತ್ತಿದ್ದುದು ಗಣಿಯ ಸೈರನ್ನು. ಅದು ಕೂಗಿದರೆ ಅನ್ನಕ್ಕೆ ಇಡಬೇಕು, ಮತ್ತೆ ಕೂಗಿದರೆ ಪಾಳಿ ಮುಗಿಸಿದವರು ಬರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು, ಒಳಗೆ ಬಂಡೆ ಸಿಡಿದಿರಬೇಕೆಂದು. ಅದಕ್ಕೂ ಹಿಂದೆ, ಬ್ರಿಟಿಷ್ ಕಂಪನಿಯ ಕಾಲದಲ್ಲಿ, ಗಣಿಗಿಳಿಯುವವರ ಮಣಿಕಟ್ಟಿಗೆ ಗುರುತಿನ ಪಟ್ಟಿ ತೊಡಿಸುತ್ತಿದ್ದರು. ಹೆಬ್ಬೆಟ್ಟಿನ ಗುರುತು ಕೊಡಬೇಕೆಂದು ಕಾನೂನು ತಂದಾಗ 1930ರಲ್ಲಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಮಣಿಕಟ್ಟಿನ ಮೇಲೆ ಏನಿರಬೇಕು ಎನ್ನುವುದು ಮಾನದ ಪ್ರಶ್ನೆ ಎಂದು ಆ ಊರಿಗೆ ಗೊತ್ತು.

ಗಣಿ ಮುಚ್ಚಿದ ಮೇಲೆ ಆ ಮನೆಗಳ ಮಕ್ಕಳು ಸಮಯ ಮಾರಲು ಬೆಂಗಳೂರಿಗೆ ಹೋಗುತ್ತಿದ್ದಾರೆ. ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಯಲ್ಲಿ ನಿಲ್ಲುವ ಹುಡುಗಿಯರು, ಆಸ್ಪತ್ರೆಯ ಆಯಾಗಳು, ದೊಡ್ಡ ಕಟ್ಟಡಗಳಲ್ಲಿ ನೆಲ ಒರೆಸುವವರು. ಹೋಗಿ ಬರುವುದಕ್ಕೇ ದಿನಕ್ಕೆ ನಾಲ್ಕು ಗಂಟೆ. ಸೀಟು ಸಿಕ್ಕ ಪುಣ್ಯವಂತೆ ಹೂ ಕಟ್ಟುತ್ತಾಳೆ, ಸೊಪ್ಪು ಬಿಡಿಸುತ್ತಾಳೆ, ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಾಳೆ. ಅವರ ಕೈಯಲ್ಲಿ ವಾಚಿಲ್ಲ, ಆದರೆ ಒಂದು ನಿಮಿಷದ ಬೆಲೆ ಅವರಷ್ಟು ತಿಳಿದವರು ಯಾರೂ ಇಲ್ಲ. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅವರ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದ ನನಗೆ, ಒಂದು ಲಾಕರಿನೊಳಗೆ ಆರು ವಾಚು ಯಾರಿಗೂ ಬೇಡದ ಗಂಟೆಯನ್ನು ತೋರಿಸುತ್ತ ಕುಳಿತಿವೆ ಎನ್ನುವುದು ಹೊಟ್ಟೆಕಿಚ್ಚಲ್ಲ, ಹೊಟ್ಟೆಯುರಿಯೇ ಹೌದು.

ಆದ್ದರಿಂದ ಗೃಹಿಣಿಯರಿಗೂ, ನನ್ನ ಹಾಗೆ ಸಂಬಳ ತರುವ ಹೆಂಗಸರಿಗೂ ಒಂದು ಮಾತು. ಮನೆಯಲ್ಲಿ ‘ಇನ್ವೆಸ್ಟ್‌ಮೆಂಟ್’ ಎಂಬ ಪದ ಕೇಳಿಬಂದಾಗ ಜಗಳ ಮಾಡಬೇಡಿ, ಒಗ್ಗರಣೆಯನ್ನೂ ಜೋರಾಗಿ ಸಿಡಿಸಬೇಡಿ. ಕೈ ಒರೆಸಿಕೊಂಡು ಬಂದು ಎದುರಿಗೆ ಕುಳಿತುಕೊಳ್ಳಿ. ಬಿಲ್ಲು ಯಾರ ಹೆಸರಿನಲ್ಲಿದೆ, ಗ್ಯಾರಂಟಿ ಕಾರ್ಡು ಎಲ್ಲಿದೆ, ಲಾಕರಿಗೆ ನನ್ನ ಸಹಿಯೂ ಉಂಟೇ, ನಾಳೆ ನಿಮಗೆ ಹುಷಾರು ತಪ್ಪಿದರೆ ನಾನು ಇದನ್ನು ಯಾರಿಗೆ, ಎಷ್ಟಕ್ಕೆ ಮಾರಬೇಕು ಎಂದು ಕೇಳಿ. ನಾಲ್ಕಕ್ಕೂ ಉತ್ತರ ಬಂದರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಬಾರದಿದ್ದರೆ ಆ ಹನ್ನೊಂದು ಲಕ್ಷವನ್ನು ಮನೆ ಲೆಕ್ಕದ ಪುಸ್ತಕದಲ್ಲಿ ‘ಖರ್ಚು’ ಎಂಬ ತಲೆಬರಹದ ಕೆಳಗೆ, ಹಾಲು, ತರಕಾರಿ, ಕರೆಂಟಿನ ಬಿಲ್ಲಿನ ಸಾಲಿನಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಅದರ ಕೆಳಗೆ ಮಗಳ ಎರಡು ಬಳೆಯನ್ನೂ ಬರೆದು, ಎದುರಿಗೆ ‘ಬಾಕಿ’ ಎಂದು ಹಾಕಿ.